ಅವ್ವನಿಗೆ ತಪ್ಪಾಗಿ ಹೇಳಿದ ಮಾತು

ಷಣ್ಮುಖಪ್ಪ ಮೇಷ್ಟ್ರು ಮೈಸೂರುಪಾಕಿನ ಪೊಟ್ಟಣ ಹಿಡಿದುಕೊಂಡು ದೇವಯ್ಯನ ಮನೆಗೆ ಬಂದಾಗ ಮಧ್ಯಾಹ್ನದ ಊಟ ಮುಗಿದಿತ್ತು. ರಾಚಮ್ಮ ಜಗಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಮಗಳು ಶೃತಿ ಪಕ್ಕದಲ್ಲೇ ಕೂತು ಕಲ್ಲು ಆರಿಸುತ್ತಿದ್ದಳು.

"ನಿನ್ನ ಮಗಳು ಹಂಪಾಪುರಕ್ಕೇ ಹೆಸರು ತಂದ್ಲು ಕಣಯ್ಯ," ಅಂದರು ಮೇಷ್ಟ್ರು. ಹೈಸ್ಕೂಲಿನಲ್ಲಿ ಶೃತಿಗೆ ವಿಜ್ಞಾನ ಕಲಿಸಿದವರು ಅವರು. "ಬೆಂಗಳೂರು, ಪುಣೆ, ದೆಹಲಿ, ಮೂರು ಕಡೆ ದೊಡ್ಡ ವಿಜ್ಞಾನದ ಕಾಲೇಜಲ್ಲಿ ಸೀಟು. ಒಂದು ಕಡೆ ಸಿಕ್ಕೋಕೇ ಮಕ್ಕಳು ವರ್ಷಗಟ್ಟಲೆ ಒದ್ದಾಡ್ತವೆ. ಇವಳಿಗೆ ಮೂರೂ ಕಡೆಯವರು ಊಟ, ಹಾಸ್ಟೆಲು, ಓದು ಎಲ್ಲಾ ನಾವೇ ನೋಡ್ಕೋತೀವಿ ಅಂದವ್ರೆ." ಹಾಗೆಂದು ಮೂರು ಬೆರಳು ಎತ್ತಿ ತೋರಿಸಿದರು.

"ಎಲ್ಲಾ ನಿಮ್ ಆಶೀರ್ವಾದ ಮೇಷ್ಟ್ರೇ," ಅಂದ ದೇವಯ್ಯ, ಮಗಳ ಕಡೆ ತಿರುಗಿದ. "ಮಗ, ಅವ್ವಂಗೆ ಹೇಳು."

ರಾಚಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎಳವೆಯಲ್ಲಿ ಬಂದ ಒಂದು ಜ್ವರ ಕಿವಿಯನ್ನೂ ಮಾತನ್ನೂ ಒಟ್ಟಿಗೆ ತಕ್ಕೊಂಡು ಹೋಗಿತ್ತು. ಮಗಳು ಹುಟ್ಟಿದ ಮೇಲೆ ತಾಯಿ ಮಗಳ ನಡುವೆ ಒಂದು ಕೈಮಾತು ತಾನಾಗಿ ಬೆಳೆಯಿತು. ಬೆರಳುಗಳನ್ನು ದೀಪ ಹೊತ್ತಿದಂತೆ ಅರಳಿಸಿದರೆ ಮೈಸೂರು. ಹೆಗಲು ಕುಲುಕಿದರೆ ತಾಲ್ಲೂಕು ಕೇಂದ್ರವಾದ ಕೋಟೆಗೆ ಹೋಗುವ ಬಸ್ಸು. ದೇವಯ್ಯನಿಗೆ ಬಾ, ಉಣ್ಣು, ದನಕ್ಕೆ ನೀರು ಇಡು ಎನ್ನುವಷ್ಟು ಬರುತ್ತಿತ್ತು. ಅದಕ್ಕಿಂತ ಹೆಚ್ಚಿನದೇನಿದ್ದರೂ ಮಗಳೇ ಬೇಕು. ಪಕ್ಕದ ಮನೆಯ ಜಗಳದಿಂದ ಹಿಡಿದು ಟಿವಿಯ ವಾರ್ತೆಯವರೆಗೆ ರಾಚಮ್ಮನನ್ನು ಮುಟ್ಟಿದ ಮಾತೆಲ್ಲ ಶೃತಿಯ ಕೈಯಿಂದಲೇ ಬಂದದ್ದು.

ಆ ಕೈ ಈಗ ಒಂದು ಕ್ಷಣ ತಡೆಯಿತು. ಆಮೇಲೆ, "ಬೆಂಗಳೂರಲ್ಲಿ ಸೀಟು ಸಿಕ್ತು. ಮೇಷ್ಟ್ರಿಗೆ ಖುಷಿ," ಎಂದಷ್ಟೇ ಹೇಳಿತು.

ರಾಚಮ್ಮ ಮೇಷ್ಟ್ರ ಬೆರಳುಗಳನ್ನು ನೋಡಿದಳು, ಮಗಳ ಮುಖ ನೋಡಿದಳು. ಮೈಸೂರುಪಾಕಿನ ಒಂದು ಚೂರು ಮುರಿದು ಮಗಳ ಬಾಯಿಗಿಟ್ಟು ಮತ್ತೆ ಮೊರ ಎತ್ತಿಕೊಂಡಳು.

ಬೆಂಗಳೂರಾದರೆ ಶನಿವಾರ ಸಂಜೆ ಹೊರಟು ಊರಿಗೆ ಬಂದುಬಿಡಬಹುದು ಎಂದು ಶೃತಿ ಆಗಲೇ ಲೆಕ್ಕ ಹಾಕಿದ್ದಳು. ಅದೇನು ಸಣ್ಣ ಜಾಗವಲ್ಲ, ಅಲ್ಲಿ ಸೇರಿದರೆ ಯಾರೂ ಅಯ್ಯೋ ಅನ್ನುವುದಿಲ್ಲ. ಆದರೆ ಮನಸ್ಸು ಹೋಗಿ ಕೂತದ್ದು ಪುಣೆಯಲ್ಲಿ. ಅಲ್ಲಿನ ಮೇಡಮ್ಮೊಬ್ಬರು, ಸೀಟು ಸಿಕ್ಕ ಮಕ್ಕಳ ಜೊತೆ ಫೋನಿನಲ್ಲಿ ಮಾತಾಡುವಾಗ, ಹುಳುಗಳಿಗೆ ಹೇಗೆ ಕೇಳಿಸುತ್ತದೆ ಎನ್ನುವುದೇ ತಮ್ಮ ಕೆಲಸ ಎಂದಿದ್ದರು. ಅಂದಿನಿಂದ ಶೃತಿಗೆ ಬೇರೆ ಯೋಚನೆಯೇ ಹತ್ತಿರಲಿಲ್ಲ. ಆದರೆ ಪುಣೆಯಿಂದ ಶನಿವಾರ ಹೊರಟು ಬರುವುದಕ್ಕಾಗುತ್ತದೆಯೇ? ಅವ್ವ ಯಾರ ಕೈ ನೋಡಬೇಕು?

ಮಾರನೆಯ ದಿನ ಕೋಟೆಯ ಆಸ್ಪತ್ರೆಯಲ್ಲಿ ರಾಚಮ್ಮನ ಕಣ್ಣು ತೋರಿಸಬೇಕಿತ್ತು. ಶೃತಿ ಸ್ನಾನ ಮುಗಿಸಿ ಹೊರಗೆ ಬಂದರೆ ಅವ್ವ ಇಲ್ಲ. ಹಾಲು ಕರೆದಿಟ್ಟಿದೆ, ಒಲೆ ಆರಿಸಿದೆ, ಗೂಟದಲ್ಲಿದ್ದ ಒಳ್ಳೆ ಸೀರೆ ಕಾಣುತ್ತಿಲ್ಲ.

"ಕೋಟೆ ಬಸ್ ಹತ್ತಿದ್ಲಂತೆ. ನಂಜಣ್ಣನ ಅಂಗಡಿ ತಾವ ನೋಡಿದ್ರಂತೆ," ಅಂದ ದೇವಯ್ಯ.

"ಒಬ್ಬಳನ್ನೇ ಯಾಕಪ್ಪ ಬುಟ್ಟೆ?"

"ನಂಗೆಲ್ಲಿ ಹೇಳಿದ್ಲು ಮಗ. ಹೇಳಿದ್ರೂ ನಂಗೆಲ್ಲಿ ತಿಳೀತದೆ."

ಶೃತಿ ಮುಂದಿನ ಬಸ್ಸು ಹಿಡಿದಳು. ಅವ್ವ ಒಬ್ಬಳೇ ಊರು ಬಿಟ್ಟು ಹೋದದ್ದನ್ನೇ ಅವಳು ಕಂಡಿರಲಿಲ್ಲ. ಆಸ್ಪತ್ರೆಯಲ್ಲಿ ಹೆಸರು ಕೂಗುತ್ತಾರೆ, ಕೂಗಿದ್ದು ಅವ್ವನಿಗೆ ಕೇಳುವುದಿಲ್ಲ. ಸಂಜೆಯವರೆಗೆ ಅಲ್ಲೇ ಕೂತಿದ್ದರೆ? ಹಿಂದಿನಿಂದ ಬರುವ ಲಾರಿಯ ಹಾರನ್ನೂ ಕೇಳುವುದಿಲ್ಲ. ಬಸ್ಸು ನಿಲ್ಲುವ ಮುಂಚೆಯೇ ಇಳಿದು ಅವಳು ಆಸ್ಪತ್ರೆಗೆ ಓಡಿದಳು.

ರಾಚಮ್ಮ ಬೆಂಚಿನ ಮೇಲೆ ನೆಮ್ಮದಿಯಾಗಿ ಕೂತಿದ್ದಳು. ಪಕ್ಕದಲ್ಲಿ ಒಬ್ಬ ಮುದುಕಿ. ರಾಚಮ್ಮನ ಚೀಟಿ ಆ ಮುದುಕಿಯ ಮಡಿಲಲ್ಲಿತ್ತು. ರಾಚಮ್ಮ ಕೈ ಆಡಿಸುತ್ತಿದ್ದಳು, ಮುದುಕಿ ತಲೆದೂಗಿ ನಗುತ್ತಿದ್ದಳು. ಶೃತಿ ಬಾಗಿಲ ಬಳಿಯ ಕಂಬದ ಮರೆಗೆ ನಿಂತುಬಿಟ್ಟಳು.

"ರಾಚಮ್ಮ, ಹಂಪಾಪುರ," ಎಂದು ಒಳಗಿನಿಂದ ಕೂಗಿದರು.

ಶೃತಿಯ ಕಾಲು ತಾನಾಗಿ ಮುಂದೆ ಹೋಯಿತು. ಅಷ್ಟರಲ್ಲಿ ಮುದುಕಿ ಚೀಟಿಯನ್ನು ರಾಚಮ್ಮನ ಕೈಗಿಟ್ಟು ಭುಜ ತಟ್ಟಿ ಬಾಗಿಲು ತೋರಿಸಿದಳು. ರಾಚಮ್ಮ ಸೆರಗು ಸರಿ ಮಾಡಿಕೊಂಡು ಒಳಗೆ ಹೋದಳು. ಹುಟ್ಟಿದಾಗಿನಿಂದ ತಾನು ಮಾಡಿಕೊಂಡು ಬಂದ ಕೆಲಸವನ್ನು ಗುರುತಿಲ್ಲದ ಮುದುಕಿಯೊಬ್ಬಳು ಒಂದು ತಟ್ಟಿನಲ್ಲಿ ಮಾಡಿಬಿಟ್ಟಿದ್ದಳು. ಶೃತಿಗೆ ಎದೆ ಹಗುರಾಯಿತು. ಜೊತೆಗೇ ಏನೋ ಕಳೆದುಕೊಂಡಂತೆಯೂ ಆಯಿತು.

ಅವಳು ಹೋಗಿ ಬೆಂಚಿನ ತುದಿಯಲ್ಲಿ ಕೂತು, ಅವ್ವ ಹೋದ ಬಾಗಿಲನ್ನೇ ನೋಡಿದಳು. ಮುದುಕಿ ಬೇಗೂರಿನ ಪುಟ್ಟಮಾದಮ್ಮ.

"ನಿಮ್ಮವ್ವನಾ? ಒಳ್ಳೆ ಮಾತುಗಾತಿ ಕಣವ್ವ," ಅಂದಳು. "ನನ್ ಸೊಸೆ ವಿಚಾರ ಎಲ್ಲಾ ಕೇಳಿದ್ಲು. ನಮ್ಮನೇಲೂ ಯಾರೂ ನನ್ ಜೊತೆ ಇಷ್ಟು ಮಾತಾಡಾಕಿಲ್ಲ."

ರಾಚಮ್ಮ ಕಣ್ಣಿನ ಡ್ರಾಪ್ಸ್ ಹಿಡಿದು ಹೊರಗೆ ಬಂದಳು. ಡಬ್ಬಿಯ ಮೇಲೆ ನರ್ಸು ಪೆನ್ನಿನಲ್ಲಿ ಒಂದು ಸೂರ್ಯನನ್ನೂ ಒಂದು ಚಂದ್ರನನ್ನೂ ಬರೆದುಕೊಟ್ಟಿದ್ದಳು. ಮಗಳನ್ನು ಕಂಡು ರಾಚಮ್ಮ ಹುಬ್ಬು ಗಂಟಿಕ್ಕಿದಳೇ ಹೊರತು ಆಶ್ಚರ್ಯಪಡಲಿಲ್ಲ. ಪುಟ್ಟಮಾದಮ್ಮನಿಗೆ ಕೈ ಮುಗಿದು, ಮಗಳನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಅಲ್ಲಿ ಟೀ ಕುಡಿದ ಮೇಲೆ ಲೋಟ ಕೆಳಗಿಟ್ಟು ಮೂರು ಬೆರಳು ಎತ್ತಿದಳು.

"ಮೇಷ್ಟ್ರು ಮೂರು ಅಂದ್ರು. ನೀನು ಒಂದು ಅಂದೆ."

ಶೃತಿ ತಲೆ ತಗ್ಗಿಸಿದಳು. ರಾಚಮ್ಮ ಅವಳ ಗದ್ದ ಎತ್ತಿದಳು. ತಲೆ ತಗ್ಗಿಸಿದರೆ ಅವರಿಬ್ಬರ ಮಾತು ನಿಂತುಹೋಗುತ್ತದೆ.

"ಈ ಕೈ ನಂಗೆ ಸುಳ್ಳು ಹೇಳಬಾರದು," ಎಂದಳು ರಾಚಮ್ಮ, ಮಗಳ ಎರಡೂ ಮಣಿಕಟ್ಟು ಮುಟ್ಟಿ. "ಪ್ರಪಂಚ ನನ್ ತಾವ ಬರೋದೇ ಇದರಿಂದ."

ಶೃತಿಗೆ ಅಳು ತಡೆಯಲಾಗಲಿಲ್ಲ. ಬಸ್ಸಿಗೆ ಕಾದಿದ್ದವರು ತಿರುಗಿ ನೋಡಿದರು. ರಾಚಮ್ಮ ಸೆರಗಿನಿಂದ ಮಗಳ ಮುಖ ಒರೆಸಿದಳು.

"ನಿಂಗೆ ಯಾವುದು ಇಷ್ಟ?"

"ಬೆಂಗಳೂರು ಹತ್ರ."

"ಹತ್ರ ಯಾವುದು ಅಂತ ಕೇಳ್ನಿಲ್ಲ."

ಪುಣೆಗೆ ಅವರ ಮಾತಿನಲ್ಲಿ ಗುರುತೇ ಇರಲಿಲ್ಲ. ಶೃತಿ ಬೆಂಗಳೂರಿನ ಗುರುತು ಮಾಡಿ, ಅಲ್ಲಿಂದ ಕೈಯನ್ನು ಬಲು ದೂರಕ್ಕೆ ಚಾಚಿದಳು. ಅಲ್ಲೊಬ್ಬರು ಮೇಡಮ್ಮು ಇದ್ದಾರೆ, ಹುಲ್ಲಿನಲ್ಲಿ ಕುಪ್ಪಳಿಸುವ ಜೀರುಂಡೆಗೆ ಹೇಗೆ ಕೇಳಿಸುತ್ತದೆಂದು ನೋಡುತ್ತಾರೆ, ಜೀರುಂಡೆಗೆ ಕಿವಿ ಇರುವುದು ತಲೆಯಲ್ಲಲ್ಲ, ಮುಂಗಾಲಿನಲ್ಲಿ ಎಂದಳು. ರಾಚಮ್ಮ ನಂಬಲಿಲ್ಲ. ಶೃತಿ ತನ್ನ ಮೊಣಕಾಲ ಕೆಳಗೆ ಬೆರಳಿಟ್ಟು ಮತ್ತೆ ತೋರಿಸಿದಳು. ಆಗ ರಾಚಮ್ಮ ಸ್ವಲ್ಪ ಹೊತ್ತು ನೋಡಿ, ಚಪ್ಪಲಿ ಬಿಟ್ಟು ಬರಿಗಾಲನ್ನು ಸಿಮೆಂಟಿನ ನೆಲದ ಮೇಲಿಟ್ಟಳು. ಮೈಸೂರಿನ ಬಸ್ಸೊಂದು ಹಿಂದಿನಿಂದ ಒಳಗೆ ಬರುತ್ತಿತ್ತು. ತಿರುಗಿ ನೋಡದೆಯೇ ಅವಳು ಹೆಬ್ಬೆಟ್ಟಿನಿಂದ ಆ ಕಡೆ ತೋರಿಸಿ, ತನ್ನ ಪಾದ ತಟ್ಟಿಕೊಂಡು ನಕ್ಕಳು. ಶೃತಿಯೂ ಅಳುತ್ತಲೇ ನಕ್ಕಳು.

"ಹೋಗು," ಎಂದಳು ರಾಚಮ್ಮ. "ಹೋಗಿ ಕಲಿ."

"ನಾನಿಲ್ದಿದ್ರೆ ಅಪ್ಪ ನಿನ್ ಜೊತೆ ಹೆಂಗೆ ಮಾತಾಡ್ತದೆ?"

"ಅವನಿಗೂ ಎರಡು ಕೈ ಅವೆ."

ಅಂದು ಸಂಜೆ ರಾಚಮ್ಮ ಗಂಡನನ್ನು ಎದುರಿಗೆ ಕೂರಿಸಿಕೊಂಡಳು. ದೇವಯ್ಯ ಎಂದಿನಂತೆ, "ಮಗ, ಏನಂತಾಳೆ ನೋಡು," ಅಂದ. ರಾಚಮ್ಮ ಮಗಳನ್ನು ಅಡುಗೆಮನೆಗೆ ಕಳಿಸಿ ಬಾಗಿಲು ಮುಂದಕ್ಕೆಳೆದಳು.

ಶೃತಿ ಒಳಗೆ ಕಿವಿಗೊಟ್ಟು ನಿಂತಳು. ಬಹಳ ಹೊತ್ತು ಬರೀ ಅವ್ವನ ಬಳೆಯ ಸದ್ದು. ಆಮೇಲೆ ಅಪ್ಪನ ದನಿ. "ಏನು, ಎತ್ತಾ? ಅಲ್ವಾ? ಬೆಟ್ಟವಾ? ಇನ್ನೊಂದು ಸಲ ತೋರ್ಸು." ಮತ್ತೆ ಬಳೆಯ ಸದ್ದು. "ನಿಧಾನಕ್ಕೆ ಕಣೆ, ನಾನೇನ್ ಮಗಳಾ?" ನೆರವಿಗೆ ಹೋಗಬೇಕೆಂದು ಶೃತಿಯ ಕೈ ತುಡಿಯಿತು. ಅವಳು ಕೈ ಕಟ್ಟಿಕೊಂಡು ನಿಂತಳು.

ಕೊನೆಗೆ ದೇವಯ್ಯನೇ ಬಾಗಿಲು ತೆಗೆದ. ಹಣೆಯ ಮೇಲೆ ಬೆವರಿತ್ತು.

"ಬೆಂಗಳೂರಿಂದಾನೂ ಆಚೆ ಅಂತಾಳೆ. ಹುಳಾನೋ ಏನೋ ಓದ್ತೀಯಂತೆ. ಕಳಿಸು ಅಂತಾಳೆ. ಸರಿಯಾಗಿ ತಿಳ್ಕೊಂಡ್ನಾ?"

"ಸರಿಯಾಗೇ ತಿಳ್ಕೊಂಡಿದ್ದೀಯ ಅಪ್ಪ."

"ಅಂಗಾದ್ರೆ ಹೋಗ್ಬುಟ್ಟು ಬಾ ಮಗ," ಅಂದ. ಅಂದವನು ದನಕ್ಕೆ ಹುಲ್ಲು ಹಾಕುವ ನೆವದಲ್ಲಿ ಹಿತ್ತಲಿಗೆ ಹೋದ.

ಶೃತಿ ಪುಣೆಗೇ ಒಪ್ಪಿಗೆ ಕಳಿಸಿದಳು. ಷಣ್ಮುಖಪ್ಪ ಮೇಷ್ಟ್ರಿಗೆ ಸ್ವಲ್ಪ ಬೇಜಾರಾಯಿತು. "ನಾನು ದೆಹಲಿ ಅಂದ್ಕೊಂಡಿದ್ದೆ ಕಣಮ್ಮ. ಇರಲಿ, ಮನಸ್ಸಿದ್ದ ಕಡೆ ಓದು ಹತ್ತುತ್ತೆ," ಅಂದು ತಮ್ಮ ಹಳೆಯ ಸ್ವೆಟರು ಕೊಟ್ಟರು. ಹೊರಡುವವರೆಗೂ ಸಂಜೆ ಸಂಜೆ ಅವಳು ಅಪ್ಪನಿಗೆ ಕೈಮಾತು ಕಲಿಸಿದಳು. ನೇಗಿಲು ಹಿಡಿದು ಗಡುಸಾದ ಬೆರಳು ಬೇಗ ಮಡಚುತ್ತಿರಲಿಲ್ಲ. ನಾಳೆ ಎನ್ನಲು ಹೋಗಿ ನಿನ್ನೆ ಎನ್ನುತ್ತಿದ್ದ.

ಪುಣೆಯಲ್ಲಿ ಮೊದಲ ಸೆಮಿಸ್ಟರು ಅರ್ಧವಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಶೃತಿ ತಿಂಡಿಯ ತಟ್ಟೆ ಹಿಡಿದು ರೂಮಿಗೆ ಬಂದು ಮನೆಗೆ ವಿಡಿಯೊ ಕರೆ ಮಾಡಿದಳು. ಅವ್ವ ಕಾಣಿಸಿಕೊಂಡು, ಹಸು ಕರು ಹಾಕಿದೆ, ಹೆಣ್ಗರು, ಕೆಂದು ಬಣ್ಣ ಎಂದಳು. ಹಿಂದಿನಿಂದ ಅಪ್ಪ ಕುತ್ತಿಗೆ ಚಾಚಿ, ಕೆಂದಲ್ಲ, ಕಪ್ಪು ಎಂದು ಕೈಯಲ್ಲೇ ತಿದ್ದಿದ. ಅವ್ವ ಅವನ ಕಡೆ ತಿರುಗಿ ಏನೋ ಕೇಳಿದಳು. ಅಪ್ಪ ಉತ್ತರ ಕೊಟ್ಟ. ಅವ್ವ ಇನ್ನೂ ಜೋರಾಗಿ ಕೈ ಬೀಸಿದಳು. ಇಬ್ಬರಿಗೂ ಫೋನು ಮರೆತೇಹೋಯಿತು. ಅದು ಹಿಂದಕ್ಕೆ ವಾಲಿ ಬರೀ ಸೂರಿನ ಹೆಂಚು ತೋರಿಸತೊಡಗಿತು. ಕಾಣದ ಕಡೆಯಿಂದ ಬಳೆಯ ಸದ್ದು ಬರುತ್ತಲೇ ಇತ್ತು.

ರೂಮಿನ ಜೊತೆಯ ಹುಡುಗಿ, ಕರೆ ಕಟ್ ಆಯಿತಾ ಎಂದು ಕೇಳಿದಳು.

"ಇಲ್ಲ, ಮಾತಾಡ್ತಾ ಇದ್ದಾರೆ," ಅಂದಳು ಶೃತಿ, ಫೋನನ್ನು ಲೋಟಕ್ಕೆ ಒರಗಿಸಿ ತಿಂಡಿ ತಿನ್ನತೊಡಗಿದಳು.