ಗುಂಯ್‌ಗುಡುವ ಡ್ರಮ್ಮು

ಡ್ರಮ್ಮನ್ನು ನನ್ನ ಮೇಜಿನ ಮೇಲೆ ಕುಕ್ಕಿ ಚಿಕ್ಕಮ್ಮ ಹೇಳಿದಳು: "ಇದರ ಬಾಯಿ ಮುಚ್ಚಿಸು. ಇಲ್ಲಾಂದ್ರೆ ಇವರನ್ನ ಬ್ಯಾಂಡಿಂದ ತೆಗೀತೀನಿ."

"ಇವರು" ಎಂದರೆ ಚಿಕ್ಕಪ್ಪ. ಅವಳ ಹಿಂದೆಯೇ ಡ್ರಮ್ಮಿನ ಸ್ಟ್ಯಾಂಡ್ ತಬ್ಬಿಕೊಂಡು ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದರು. ಗಂಡನನ್ನು ಕೆಲಸದಿಂದ ತೆಗೆಯುವ ಅಧಿಕಾರ ಎಲ್ಲ ಹೆಂಡತಿಯರಿಗೂ ಇರುವುದಿಲ್ಲ. ನಮ್ಮ ಚಿಕ್ಕಮ್ಮನಿಗೆ ಇದೆ. ಬ್ಯಾಂಡ್ ಅವಳದು. ಸ್ಯಾಕ್ಸೋಫೋನ್ ಊದುವವಳೂ ಅವಳೇ, ಯಾರು ಯಾವ ಬಣ್ಣದ ಅಂಗಿ ಹಾಕಬೇಕೆಂದು ಅಪ್ಪಣೆ ಕೊಡುವವಳೂ ಅವಳೇ. ಮದುವೆಗೆ ಮುಂಚಿನಿಂದಲೂ ಚಿಕ್ಕಪ್ಪ ಅವಳ ಬೆನ್ನ ಹಿಂದೆ ಕೂತು ಡ್ರಮ್ ಬಾರಿಸುತ್ತ ಬಂದಿದ್ದಾರೆ.

ನಾನು ಡ್ರಮ್ ರಿಪೇರಿ ಮಾಡುವವಳು. ಹಳೆಯ ಡ್ರಮ್ಮುಗಳೆಂದರೆ ನನಗೆ ಪ್ರಾಣ, ಅವುಗಳ ಯಜಮಾನರೆಂದರೆ ಅಷ್ಟಕ್ಕಷ್ಟೇ. ತಿರುಪು ಬಿಗಿಯಬೇಕಾದಲ್ಲಿ ಟೇಪು ಅಂಟಿಸುತ್ತಾರೆ, ಎಣ್ಣೆ ಬಿಡಬೇಕಾದಲ್ಲಿ ಸುತ್ತಿಗೆಯಿಂದ ಬಡಿಯುತ್ತಾರೆ, ಆಮೇಲೆ ಏನೂ ಅರಿಯದವರಂತೆ ನನ್ನ ಮುಂದೆ ಬಂದು ನಿಲ್ಲುತ್ತಾರೆ. ಚಿಕ್ಕಪ್ಪ ಮಾತ್ರ ಹಾಗಲ್ಲ. ಅವರ ಸ್ನೇರ್ ಡ್ರಮ್ ಅವರಿಗಿಂತ ಹಳೆಯದು. ಹಿತ್ತಾಳೆಯ ಮೈ, ನಡುವಿನಲ್ಲಿ ಸುತ್ತಲೂ ಒಂದು ಉಬ್ಬುಗೆರೆ, ತಿರುಪುಗಳನ್ನು ಹಿಡಿದುಕೊಳ್ಳಲು ಸಪೂರ ಕೊಳವೆಗಳು, ಚರ್ಮವನ್ನು ಬಿಗಿಹಿಡಿಯಲು ಮೇಲೊಂದು ಕೆಳಗೊಂದು ಭಾರದ ಬಳೆ. ಅದನ್ನು ಬರೀ ಬೆರಳಿಂದ ತಟ್ಟಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಸ್ನೇರ್ ಡ್ರಮ್ಮಿನ ಗುಟ್ಟೆಲ್ಲ ಹೊಟ್ಟೆಯ ಅಡಿಯಲ್ಲಿದೆ. ಕೆಳಗಿನ ಚರ್ಮಕ್ಕೆ ಒತ್ತಿಕೊಂಡು ಸುರುಳಿ ತಂತಿಗಳ ಒಂದು ಪಟ್ಟಿ ಇರುತ್ತದೆ. ಚರ್ಮ ಈಗೆಲ್ಲ ಪ್ಲಾಸ್ಟಿಕ್ಕಿನದು, ಕರೆಯುವುದು ಮಾತ್ರ ಚರ್ಮವೆಂದೇ. ಮೇಲೆ ಕಡ್ಡಿ ಬಿದ್ದರೆ ಕೆಳಗೆ ತಂತಿಗಳು ಚರ್ರೆನ್ನುತ್ತವೆ. ಪಕ್ಕದಲ್ಲೊಂದು ಲಿವರ್; ಅದನ್ನು ಕೆಳಗೆಳೆದರೆ ತಂತಿ ಚರ್ಮವನ್ನು ಬಿಟ್ಟು ನಿಲ್ಲುತ್ತದೆ, ಡ್ರಮ್ಮು ದಬ್ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಎಳೆಯದೆ ಬಿಟ್ಟರೆ ಒಂದು ಪೀಡೆ: ಕೋಣೆಯಲ್ಲಿ ಬೇರೆ ವಾದ್ಯದ ಸ್ವರ ಆ ಚರ್ಮದ ಸ್ವರಕ್ಕೆ ಕೂಡಿ ಬಂತೋ, ಯಾರೂ ಮುಟ್ಟದೆಯೇ ಡ್ರಮ್ಮು ತಾನಾಗಿ ಗುಂಯ್‌ಗುಡುತ್ತದೆ.

"ನನ್ನ ನಿಧಾನದ ಹಾಡಿನ ಕೊನೇ ಸ್ವರ ಇದೆಯಲ್ಲ, ಉದ್ದಕ್ಕೆ ಹಿಡಿಯೋದು," ಎಂದಳು ಚಿಕ್ಕಮ್ಮ. "ಸರಿಯಾಗಿ ಅಲ್ಲಿಗೇ ಶುರುವಾಗುತ್ತೆ. ಜನ ಕಣ್ಣು ಮುಚ್ಕೊಂಡು ಕೇಳ್ತಿರ್ತಾರೆ, ಹಿಂದಿನಿಂದ ಇವರ ಸೊಳ್ಳೆ ಸಂಗೀತ!"

"ಆ ಹಾಡಲ್ಲಿ ನಿಮಗೆ ಕೆಲಸವೇ ಇಲ್ಲವಲ್ಲ ಚಿಕ್ಕಪ್ಪ. ಲಿವರ್ ಎಳೆದುಬಿಟ್ರೆ ಆಯ್ತಪ್ಪ," ಎಂದೆ.

"ಮರೆತುಹೋಗುತ್ತೆ ಪುಟ್ಟಿ."

"ಕೇಳಿದ್ಯಾ? ಊಟ ಮರೆಯಲ್ಲ, ನಿದ್ದೆ ಮರೆಯಲ್ಲ, ಇದು ಮಾತ್ರ ಮರೆಯುತ್ತೆ! ಭಾನುವಾರ ಡಾನ್ಸ್ ಹಾಲಲ್ಲಿ ಕಾರ್ಯಕ್ರಮ ಇದೆ. ಅಲ್ಲೂ ಇದು ಗುಂಯ್ ಅಂದ್ರೆ ಇವರಿಗೆ ಅದೇ ಕೊನೆ. ಬೇಕರಿಯವನು ಡ್ರಮ್ ಬಾರಿಸ್ತೀನಿ ಅಂತ ಯಾವಾಗಿಂದಲೋ ದುಂಬಾಲು ಬಿದ್ದಿದಾನೆ."

ಚಿಕ್ಕಪ್ಪ ಸ್ಟ್ಯಾಂಡ್ ಮೂಲೆಗೆ ಒರಗಿಸಿ ಹೆಂಡತಿಯ ಹಿಂದೆ ಹೊರಟುಹೋದರು. ಮನುಷ್ಯ ಇಷ್ಟು ಸೋಮಾರಿಯಾಗಬಾರದು ಎಂದುಕೊಂಡೆ. ಒಂದು ಲಿವರ್, ಒಂದು ಬೆರಳು, ಅಷ್ಟೇ ತಾನೆ?

ಎರಡು ದಿನ ಆ ಡ್ರಮ್ಮಿನ ಸೇವೆ ಮಾಡಿದೆ. ಪೂರ್ತಿ ಬಿಚ್ಚಿ, ಲಿವರಿನ ಸಂದಿಯ ಕೊಳೆ ತೆಗೆದು, ತಿರುಪುಗಳಿಗೆ ಎಣ್ಣೆ ಕುಡಿಸಿದೆ. ಹಳೆಯ ತಂತಿಗಳಲ್ಲಿ ಒಂದೆಳೆ ಜೋತುಬಿದ್ದಿತ್ತು; ಸಿಕ್ಕಿದ್ದಕ್ಕೆಲ್ಲ ಗುಂಯ್‌ಗುಡುವ ಕಳ್ಳ ಅದೇ ಎಂದು ಪಟ್ಟಿಯನ್ನೇ ಕಿತ್ತು ಹೊಸದು ಹಾಕಿದೆ. ಕೆಳಗಿನ ಚರ್ಮವನ್ನು ಚೆನ್ನಾಗಿ ಬಿಗಿದು, ಅದರ ಸ್ವರ ಸ್ಯಾಕ್ಸೋಫೋನಿನ ದಾರಿಗೇ ಬಾರದಷ್ಟು ಮೇಲೆ ಕೂರಿಸಿದೆ. ಕಡ್ಡಿ ಬಿದ್ದರೆ ಗರಿಗರಿ ಸದ್ದು, ಕಡ್ಡಿ ಎತ್ತಿದರೆ ಮೌನ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಯ್ಯಲು ಬಂದ ಚಿಕ್ಕಪ್ಪ ಮೊದಲು ಅದನ್ನು ಬೋರಲು ಹಾಕಿ ನೋಡಿದರು. "ಕೆಳಗಿನ ತಿರುಪು ಮುಟ್ಟಿದ್ಯಾ?"

"ಮುಟ್ಟದೆ ರಿಪೇರಿ ಆಗುತ್ತಾ? ಇನ್ಮೇಲೆ ನೀವು ಅಲ್ಲಿ ಕೈ ಹಾಕಂಗಿಲ್ಲ."

ಅವರಿಗೊಂದು ಚಟ. ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಮೂಲೆಯಲ್ಲಿ ಕೂತು, ಡ್ರಮ್ಮನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಕೆಳಗಿನ ತಿರುಪುಗಳನ್ನು ಚೂರು ಚೂರು ತಿರುಗಿಸುತ್ತಿದ್ದರು. ಬಾರಿಸುವುದು ಮೇಲೆ, ತಿರುಗಿಸುವುದು ಕೆಳಗೆ ಎಂದು ಮನೆಯವರೆಲ್ಲ ಆಡಿಕೊಂಡು ನಗುತ್ತಿದ್ದೆವು.

"ಹಳೇ ತಂತಿ ಎಲ್ಲಿ?" ಎಂದು ಕೇಳಿದರು.

"ಕಸದ ಡಬ್ಬೀಲಿ. ಯಾಕೆ, ಬಳ್ಳಿ ಹಬ್ಬಿಸ್ತೀರಾ?"

ಅವರು ಡಬ್ಬಿಗೆ ಕೈಹಾಕಿ, ತಂತಿಯನ್ನು ಹುಡುಕಿ ತೆಗೆದು, ಒರೆಸಿ ಜೇಬಿಗೆ ಹಾಕಿಕೊಂಡರು.

ಶುಕ್ರವಾರ ಸಂಜೆ ಅವರ ಮನೆಯಲ್ಲಿ ತಾಲೀಮು. ಹೊಗಳಿಸಿಕೊಳ್ಳುವ ಆಸೆಯಿಂದ ನಾನೂ ಹೋಗಿ ಸೋಫಾದ ಮೂಲೆ ಹಿಡಿದೆ. ಕುಣಿತದ ಹಾಡುಗಳೆಲ್ಲ ಸೊಗಸಾಗಿ ಆದವು. ಆಮೇಲೆ ನಿಧಾನದ ಹಾಡು. ಚಿಕ್ಕಮ್ಮ ಕಣ್ಣು ಮುಚ್ಚಿ ಊದುತ್ತ ಕೊನೆಯ ಸ್ವರಕ್ಕೆ ಬಂದಳು. ಡ್ರಮ್ಮು ಕಲ್ಲಿನ ಹಾಗೆ ಸುಮ್ಮನಿತ್ತು. ನಾನು ಬೀಗುವಷ್ಟರಲ್ಲಿ ಸ್ವರ ಅಲುಗಿತು. ಮೇಲೆ ಹೋಯಿತು, ಕೆಳಗೆ ಬಂತು, ಕತ್ತಲಲ್ಲಿ ಸ್ವಿಚ್ಚಿಗಾಗಿ ಗೋಡೆ ತಡವುವವರ ಹಾಗೆ ಅಲ್ಲಿ ಇಲ್ಲಿ ತಡಕಾಡಿ, ಕೊನೆಗೆ ತುಸು ಕೆಳಗೇ ಕುಸಿದು ನಿಂತಿತು.

ಇನ್ನೊಮ್ಮೆ ಊದಿದಳು. ಅದೇ ಕತೆ. ಮತ್ತೊಮ್ಮೆ ಊದಿ, ಅರ್ಧಕ್ಕೇ ನಿಲ್ಲಿಸಿ, ಸ್ಯಾಕ್ಸೋಫೋನನ್ನು ಮಡಿಲಲ್ಲಿಟ್ಟುಕೊಂಡಳು.

"ನನಗೆ ವಯಸ್ಸಾಯ್ತು ಕಣೇ," ಎಂದಳು. ಅವಳ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಇಷ್ಟು ದಿನ ಡ್ರಮ್ಮಿನ ಗದ್ದಲದಲ್ಲಿ ಗೊತ್ತಾಗ್ತಿರಲಿಲ್ಲ. ಈ ಹಾಡು ಬೇಡ. ಭಾನುವಾರದ್ದು ಹೇಗೋ ಮುಗಿಸಿ ಇದನ್ನ ಪೆಟ್ಟಿಗೇಲಿ ಇಟ್ಟುಬಿಡ್ತೀನಿ."

ಚಿಕ್ಕಮ್ಮ ಬಯ್ಯುವಾಗ ಓಡಿಹೋಗಬೇಕು ಅನ್ನಿಸುವುದು ನಿಜ, ಆದರೆ ಬಯ್ಯದೆ ಕೂತ ಚಿಕ್ಕಮ್ಮನನ್ನು ನೋಡಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಚಿಕ್ಕಪ್ಪ ಡ್ರಮ್ಮಿನೊಂದಿಗೆ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಬಂದು ಜೇಬಿನಿಂದ ಹಳೆಯ ತಂತಿ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನೇ ಹಾಕು. ಕೆಳಗಿನ ಚರ್ಮ ಸಡಿಲ ಮಾಡು. ಎಷ್ಟು ಅಂತ ನಾನು ಹೇಳ್ತೀನಿ."

"ಮತ್ತೆ ಗುಂಯ್ ಅನ್ನುತ್ತೆ ಚಿಕ್ಕಪ್ಪ!"

"ಅನ್ನಬೇಕು. ಅವಳ ಆ ಸ್ವರ ಮೊದಲಿಂದಲೂ ಸ್ವಲ್ಪ ಕೆಳಗೆ ಜಾರುತ್ತೆ ಪುಟ್ಟಿ. ಊದ್ತಾ ಮೇಲೆ ಎತ್ತುತ್ತಾ ಬರ್ತಾಳೆ. ಸರಿಯಾದ ಜಾಗಕ್ಕೆ ಬಂದಾಗ ಇದು ಗುಂಯ್ ಅನ್ನುತ್ತೆ, ಅವಳು ಅಲ್ಲೇ ನಿಲ್ತಾಳೆ. ನಾನು ಪ್ರತಿಸಲ ಈ ಚರ್ಮಾನ ಆ ಸ್ವರಕ್ಕೇ ಕೂರಿಸಿಡ್ತೀನಿ."

ಮೂಲೆಯಲ್ಲಿ ಕೂತು ತಿರುಪು ತಿರುಗಿಸುತ್ತಿದ್ದುದು ಇದಕ್ಕೆ! ತಿರುಪು ತಿರುಗಿಸಲು ಎತ್ತಿಕೊಂಡಿದ್ದ ಕೀಲಿಕೈ ನನ್ನ ಕೈಯಲ್ಲೇ ಉಳಿಯಿತು.

"ಚಿಕ್ಕಮ್ಮನಿಗೆ ಗೊತ್ತಾ?"

"ಗೊತ್ತಿದ್ರೆ ನನಗೆ ಹೀಗೆ ಬಯ್ತಿದ್ಲಾ?"

"ಹೇಳಿಬಿಡಬಾರದಿತ್ತಾ?"

"ಏನಂತ ಹೇಳ್ಲಿ? ನೀನು ಬೀಳ್ತೀಯ, ನಾನು ಹಿಡ್ಕೊಂಡಿದೀನಿ ಅಂತಾನಾ? ಆಮೇಲೆ ಅವಳು ಅಷ್ಟು ಧೈರ್ಯವಾಗಿ ಊದ್ತಾಳಾ? ಬಯ್ಲಿ ಬಿಡು. ಬಯ್ಸಿಕೊಂಡ್ರೆ ನಾನೇನು ಸವೆದುಹೋಗ್ತೀನಾ?"

"ಬ್ಯಾಂಡಿಂದಲೇ ತೆಗೆದುಹಾಕಿದ್ರೆ?"

ಅವರು ಡ್ರಮ್ಮಿನ ಬಳೆಯ ಮೇಲಿನ ಧೂಳನ್ನು ಹೆಬ್ಬೆರಳಿಂದ ಒರೆಸಿದರು. ಅಲ್ಲಿ ಧೂಳೇ ಇರಲಿಲ್ಲ. "ಅದಕ್ಕೇ ಬೇಕರಿಯವನಿಗೆ ಕೆಳಗಿನ ತಿರುಪು ಎಷ್ಟು ತಿರುಗಿಸಬೇಕು ಅಂತ ಹೇಳಿಕೊಟ್ಟು ಬಿಡೋಣ ಅಂತಿದ್ದೆ."

ನಾನು ಡ್ರಮ್ಮನ್ನು ಬೋರಲು ಹಾಕಿದೆ. ಬಾಯಿ ತೆರೆದಿದ್ದರೆ ಅಳು ಬರುತ್ತಿತ್ತು, ಅಂಗಡಿಯಲ್ಲಿ ಅಳುವ ಅಭ್ಯಾಸ ನನಗಿಲ್ಲ.

ಭಾನುವಾರ ಡಾನ್ಸ್ ಹಾಲ್ ತುಂಬಿತ್ತು. "ಒಂದೇ ಒಂದು ಸಲ ಊದು, ಆಗದಿದ್ದರೆ ಬಿಡು" ಎಂದು ಚಿಕ್ಕಪ್ಪ ಗೋಗರೆದಿದ್ದರಿಂದ ಚಿಕ್ಕಮ್ಮ ನಿಧಾನದ ಹಾಡಿಗೆ ಕೈಹಾಕಿದಳು. ಕೊನೆಯ ಸ್ವರ ಬಂತು. ಕೆಳಗಿನಿಂದ ಮೆಲ್ಲಗೆ ಏರಿತು. ಹಿಂದಿನಿಂದ ಗುಂಯ್! ಊದುತ್ತಲೇ ಅವಳು ತಿರುಗಿ ಗಂಡನನ್ನು ನುಂಗುವ ಹಾಗೆ ನೋಡಿದಳು. ಸ್ವರ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ನೋಡನೋಡುತ್ತ ಅವಳ ಹುಬ್ಬಿನ ಗಂಟು ಸಡಿಲಾಯಿತು. ಕಣ್ಣು ಗಂಡನ ಮುಖದಿಂದ ಇಳಿದು, ಅವರು ಎಳೆಯದೆ ಬಿಟ್ಟಿದ್ದ ಲಿವರಿನ ಮೇಲೆ ನಿಂತಿತು. ಚಿಕ್ಕಪ್ಪ ಎಲ್ಲೋ ಚಾವಣಿ ನೋಡುತ್ತಿದ್ದರು.

ಚಪ್ಪಾಳೆ ಮುಗಿದ ಮೇಲೆ ಪರದೆಯ ಹಿಂದೆ ಅವರಿಗೆ ಎಂದಿನಂತೆ ಮಂಗಳಾರತಿಯಾಯಿತು. ಆದರೆ ಬೇಕರಿಯವನ ಹೆಸರು ಬರಲಿಲ್ಲ.

ಸೋಮವಾರ ಚಿಕ್ಕಮ್ಮ ಒಬ್ಬಳೇ ಡ್ರಮ್ ಹೊತ್ತುಕೊಂಡು ಅಂಗಡಿಗೆ ಬಂದಳು. ಈ ಸಲ ಕುಕ್ಕಲಿಲ್ಲ, ಮೆತ್ತಗೆ ಇಟ್ಟಳು.

"ಈ ಲಿವರ್ ಸಡಿಲ ಆಗಿದೆ," ಎಂದಳು. "ಯಾರಾದ್ರೂ ಅಪ್ಪಿತಪ್ಪಿ ಕೈ ತಾಗಿಸಿದ್ರೆ ಕೆಳಗೆ ಬಿದ್ದುಬಿಡುತ್ತೆ. ಬೀಳದ ಹಾಗೆ ಬಿಗಿ ಮಾಡಿಕೊಡು."

"ಗುಂಯ್ ಅನ್ನುತ್ತಲ್ಲ ಚಿಕ್ಕಮ್ಮ?"

"ಅನ್ನಲಿ." ಸೆರಗಿನ ತುದಿಯಿಂದ ಹಿತ್ತಾಳೆಯ ಉಬ್ಬುಗೆರೆಯನ್ನು ಉಜ್ಜಿದಳು. "ಇವರಿಗೆ ಹೇಳ್ಬೇಡ. ನನಗೆ ಗೊತ್ತಾಯ್ತು ಅಂದ್ರೆ, ಪಾಪ, ಬೇಜಾರು ಮಾಡ್ಕೋತಾರೆ."

"ಬಯ್ಯೋದು?"

"ಅದನ್ನ ಬಿಟ್ರೆ ಅನುಮಾನ ಬರುತ್ತಲ್ಲೇ!"

ನಾನು ಲಿವರಿನ ಬುಡಕ್ಕೆ ಇನ್ನೊಂದು ತಿರುಪು ಕೂರಿಸಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಿಗಿದೆ.