ಬಾಕ್ಸ್ ಮಂಚದ ಚಂಡವಿಕ್ರಮ

ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸೆಕ್ಷನ್ ಆಫೀಸರ್ ಅನಂತರಾಮನಿಗೆ ಸಿಕ್ಕಿದ್ದು ಎರಡೇ ಕೋಣೆ. ಒಂದು ಅವನ ಸಂಸಾರದ್ದು, ಇನ್ನೊಂದು ಚಂಡವಿಕ್ರಮನದು. ಚಂಡವಿಕ್ರಮನೆಂದರೆ ಹಿಂದೆ ತಿಂಗಳಿಗೊಮ್ಮೆ ಕನ್ನಡದಲ್ಲಿ ಬರುತ್ತಿದ್ದ ಕಾಮಿಕ್ಸಿನ ವೀರ; ಕತ್ತಿ, ಮೀಸೆ, ಬಿಳಿ ಕುದುರೆ ಮೂರೂ ಉಳ್ಳವನು. ಅವನ ನೂರ ಎಂಟು ಸಂಚಿಕೆಗಳನ್ನು ಅನಂತರಾಮ ರಜೆಗೆ ಊರಿಗೆ ಹೋದಾಗಲೆಲ್ಲ ರದ್ದಿ ಅಂಗಡಿಗಳಲ್ಲಿ ತಡಕಿ, ಹದಿನಾರು ವರ್ಷದಲ್ಲಿ ಕೂಡಿಹಾಕಿದ್ದ. ಒಂದೊಂದಕ್ಕೂ ಬೆನ್ನಿಗೆ ರಟ್ಟು, ಮೈಗೆ ಪ್ಲಾಸ್ಟಿಕ್ ಕವರು, ಬಾಯಿಗೆ ಟೇಪು. ಎಲ್ಲವೂ ಬಾಕ್ಸ್ ಮಂಚದ ಹೊಟ್ಟೆಯೊಳಗೆ, ನುಸಿಗುಳಿಗೆಯ ವಾಸನೆಯಲ್ಲಿ ತಣ್ಣಗೆ ಮಲಗಿದ್ದವು.

ಮೇಲೆ ಮಲಗುವವರು ಮಾತ್ರ ತಣ್ಣಗಿರಲಿಲ್ಲ. ಜೂನ್ ತಿಂಗಳಲ್ಲಿ ಇಡೀ ದೆಹಲಿ ಕೂಲರಿನ ಮುಂದೆ ಕೂತಿದ್ದರೂ ಆ ಕೋಣೆಗೆ ಕೂಲರ್ ನಿಷಿದ್ಧ. ತೇವದ ಗಾಳಿ ಕಾಗದಕ್ಕೆ ಆಗದು. ಮಂಚದೊಳಗೆ ಜಾಗ ಕಳೆದುಕೊಂಡ ಚಳಿಗಾಲದ ರಜಾಯಿಗಳು ಬೇಸಗೆಯೆಲ್ಲ ಸೋಫಾದ ಮೇಲೆ ಕೂತಿರುತ್ತಿದ್ದವು; ಬಂದ ನೆಂಟರು ರಜಾಯಿಗಳ ಮೇಲೆ.

“ಒಳಗಿರೋರ ಕೂದಲೂ ಕೊಂಕಬಾರದು, ಮೇಲಿರೋರು ಬೆಂದುಹೋಗಲಿ, ಅಲ್ವಾ?” ಎಂದು ಹೆಂಡತಿ ಹರ್ಷಿಣಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು.

ಒಂಬತ್ತು ವರ್ಷದ ಮಗಳು ಪ್ರಕೃತಿಯದು ಬೇರೆ ಅಹವಾಲು. “ಪಪ್ಪಾ, ಏಕ್ ಬಾರ್ ನೋಡ್ತೀನಿ. ಬಸ್, ಏಕ್ ಬಾರ್.”

“ಅದು ನೋಡೋದಕ್ಕಲ್ಲ ಪುಟ್ಟಿ.”

“ಫಿರ್ ಕಿಸ್ ಲಿಯೇ?”

“ಇಡೋದಕ್ಕೆ.”

ಎರಡು ಸಾವಿರದ ಆರನೇ ಇಸವಿಯ ದಸರೆಯ ಹೊತ್ತಿಗೆ ಈ ತಪಸ್ಸಿಗೆ ಫಲ ಬರುವ ಸೂಚನೆ ಕಂಡಿತು. ನೋಯ್ಡಾದ ಕಾಮಿಕ್ಸ್ ಸಂಗ್ರಾಹಕರ ಕ್ಲಬ್ಬೊಂದು ಪ್ರದರ್ಶನ ಏರ್ಪಡಿಸಿತ್ತು; ಅಲ್ಲಿ ಕನ್ನಡಕ್ಕೆಂದು ಒಂದು ಗಾಜಿನ ಪೆಟ್ಟಿಗೆ, ಅದರ ಕೆಳಗೆ ಮಾಲೀಕನ ಹೆಸರಿನ ಫಲಕ. ಇಪ್ಪತ್ತು ವರ್ಷ ಊರವರ ಫೈಲುಗಳಿಗೆಲ್ಲ ನಂಬರು ಕೊಟ್ಟ ಅನಂತರಾಮನ ಹೆಸರನ್ನು ಈವರೆಗೆ ಯಾವ ಬಾಗಿಲೂ ಹೊತ್ತಿರಲಿಲ್ಲ. ವಿಜಯದಶಮಿಯ ರಜೆಯಲ್ಲಿ ಕ್ಲಬ್ಬಿನ ಪರೀಕ್ಷಕ ಗಗನ್ ಮನೆಗೇ ಬಂದು ಪರಿಶೀಲಿಸುವುದೆಂದು ನಿಶ್ಚಯವಾಯಿತು.

ಆದರೆ ಅದಕ್ಕೂ ಮೊದಲು ಸಪ್ತಮಿ ಬಂತು. ಎರಡು ತಿಂಗಳ ಹಿಂದೆ ಊರಿನಿಂದ ಬಂದಿದ್ದ ಅವನ ತಾಯಿ ಲೀಲಮ್ಮ, ಬೆಳಗೆದ್ದು ಬಾಯಿಪಾಠವಾಗಿದ್ದ ಭಾರತದ ನಾಲ್ಕು ಪದ್ಯ ಹಾಡದೆ ಕಾಫಿ ಮುಟ್ಟದವರು, ಸರಸ್ವತಿಯ ಪೂಜೆಗೆ ಪುಸ್ತಕ ಕೇಳಿದರು.

“ಪ್ರಕೃತಿಯ ಪುಸ್ತಕ ಬೇಡ ಅತ್ತೆ. ಪೂಜೆಗಿಟ್ಟರೆ ದಶಮಿವರೆಗೆ ತೆಗೆಯೋ ಹಾಗಿಲ್ಲ, ಇವಳಿಗೆ ಪರೀಕ್ಷೆ ಇದೆ,” ಎಂದಳು ಹರ್ಷಿಣಿ.

“ಹಾಗಾದ್ರೆ ಈ ಮನೇಲಿ ಕನ್ನಡದ ಪುಸ್ತಕ ಒಂದೂ ಇಲ್ವೇನೇ?”

“ಹೈ ನಾ ಅಜ್ಜಿ! ನೂರ ಎಂಟು ಇದೆ!” ಎಂದಳು ಪ್ರಕೃತಿ.

“ನೂರ ಎಂಟೇ!” ಲೀಲಮ್ಮನವರು ಕೈ ಮುಗಿದರು.

ಸಂಜೆ ಆಫೀಸಿನಿಂದ ಬಂದ ಅನಂತರಾಮ ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ದೇವರ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ನೂರ ಎಂಟು ಚಂಡವಿಕ್ರಮರು, ಕವರಿಲ್ಲ, ಟೇಪಿಲ್ಲ. ಕಣ್ಣಿಗೆ ಬಿದ್ದವನ ಹಣೆಗೆಲ್ಲ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ, ಮೀಸೆಯ ಮೇಲೆ ಅಕ್ಷತೆ.

“ಅಮ್ಮಾ, ಕವರು?”

“ತೆಗೆದೆ. ತಾಯಿಗೆ ಉಸಿರು ಕಟ್ಟಲ್ವೇನೋ?”

“ಅದು ಕಾಮಿಕ್ಸ್ ಅಮ್ಮಾ!”

“ಅಕ್ಷರ ಇದೆಯೋ ಇಲ್ವೋ?”

“ಇದೆ…”

“ಮತ್ತೆ? ಏ, ಕೈ ತೆಗಿ! ವಿಸರ್ಜನೆ ಆಗೋವರೆಗೂ ಮುಟ್ಟಬಾರದು.”

ಕದ್ದು ಒರೆಸೋಣವೆಂದರೆ ಅಮ್ಮನ ಭಯ. ಅಮ್ಮ ಸ್ನಾನಕ್ಕೆ ಹೋದಾಗ ನೋಡೋಣವೆಂದರೆ ಸರಸ್ವತಿಯ ಭಯ. ಹದಿನಾರು ವರ್ಷ ಮನೆಯವರಿಗೆಲ್ಲ ಮುಟ್ಟಬೇಡಿ ಎಂದು ಹೇಳಿದವನು ದಶಮಿಯವರೆಗೆ ಕೈ ಕಟ್ಟಿಕೊಂಡು, ಅರಿಶಿನ ಒಣಗಿ ಮುಖಪುಟದೊಳಕ್ಕೆ ಇಳಿಯುವುದನ್ನು ದೂರದಿಂದ ನೋಡಿದ. ನೋಡಿದವರು ಧ್ಯಾನವೆಂದುಕೊಂಡರು.

ದಶಮಿಯ ದಿನ ವಿಸರ್ಜನೆ ಮುಗಿಯುತ್ತಿದ್ದಂತೆ ಗಗನ್ ಬಂದ. ಹಾಸನದ ಕಡೆಯ ಹುಡುಗ, ಸಾಫ್ಟ್‌ವೇರ್ ಕೆಲಸ. ಚೀಲದಿಂದ ಭೂತಗನ್ನಡಿ ತೆಗೆದು, ಬಿಳಿ ಕೈಗವಸು ಹಾಕಿಕೊಂಡ.

“ಕೈಗೆ ಏನಾಯ್ತಪ್ಪಾ? ಸುಟ್ಕೊಂಡ್ಯಾ?” ಲೀಲಮ್ಮನವರಿಗೆ ಮರುಕ.

ಗಗನ್ ಒಂದನೇ ಸಂಚಿಕೆ ನೋಡಿದ, ಎರಡನೆಯದು ನೋಡಿದ. ಆಮೇಲೆ ಅನಂತರಾಮನ ಮುಖ ನೋಡಿದ. “ಸರ್, ಇದನ್ನ ‘ಬಾಹ್ಯ ಕಲೆ’ ಅಂತ ಬರೀಬೇಕಾಗುತ್ತೆ.”

“ಕಲೆ ಅಂತೆ! ನಮ್ಮೂರ ದೇವಸ್ಥಾನದ ಕುಂಕುಮ ಕಣಯ್ಯಾ ಅದು,” ಎಂದರು ಲೀಲಮ್ಮ.

ಹುಡುಕುತ್ತ ಹುಡುಕುತ್ತ ನಲವತ್ತೊಂದನೆಯ ಸಂಚಿಕೆಯ ಹತ್ತಿರ ಗಗನ್ ಭೂತಗನ್ನಡಿ ನಿಲ್ಲಿಸಿದ. ಕಲಸಿದ ಅರಿಶಿನ ಮುಗಿದು ಮತ್ತೆ ಕಲಸುವ ನಡುವಿನ ಸರದಿಯಿರಬೇಕು, ಇದಕ್ಕೆ ತೆಳುವಾಗಿ ಒಣ ಕುಂಕುಮ ಮಾತ್ರ ತಗುಲಿತ್ತು. “ಇದು ಒರೆಸಿದ್ರೆ ಹೋಗುತ್ತೆ ಸರ್! ಗಾಜಿನ ಪೆಟ್ಟಿಗೆಗೆ ಇದೊಂದೇ ಸಾಕು. ನಮಗೆ ಗೊತ್ತಿರೋ ಹಾಗೆ ಇರೋದೇ ಎರಡು ಪ್ರತಿ. ಇನ್ನೊಂದು ನನ್ನ ಹತ್ರ ಇದೆ, ಅಂಚು ಸ್ವಲ್ಪ ಸವೆದಿದೆ. ಆದ್ರೆ ಇದನ್ನ ಬಿಡಿಸಿಲ್ಲ ತಾನೇ? ಪುಟ ತಿರುವಿದ ಗುರುತು ಬಿದ್ರೆ ‘ಓದಿದ ಪ್ರತಿ’ ಆಗಿಬಿಡುತ್ತೆ. ಅದಕ್ಕಿಂತ ಕೆಳಗಿನ ದರ್ಜೆ ನಮ್ಮಲ್ಲಿಲ್ಲ.”

ಅನಂತರಾಮನಿಗೆ ಹೋದ ಜೀವ ಬಂತು. “ಛೇ ಛೇ, ಒಂದು ಸಲವೂ ಬಿಡಿಸಿಲ್ಲ!”

“ಅಚ್ಛಾ, ಹಾಗಾದ್ರೆ ಪಾಸು.”

ಅಷ್ಟರಲ್ಲಿ ಲೀಲಮ್ಮನವರು ಆ ಪುಸ್ತಕವನ್ನೇ ಎತ್ತಿ ಮೊಮ್ಮಗಳ ತೊಡೆಯ ಮೇಲಿಟ್ಟಿದ್ದರು. ಪೂಜೆಗಿಟ್ಟದ್ದನ್ನು ದಶಮಿಯಂದು ಓದದೆ ಎತ್ತಿಡುವ ಪದ್ಧತಿ ಅವರ ವಂಶದಲ್ಲಿರಲಿಲ್ಲ. ತಾವೇ ಕಲಿಸಿದ ಅಕ್ಷರ, ತಾವೇ ಕೇಳಬೇಕು. ಅನಂತರಾಮ ಬಾಯಿ ತೆರೆಯುವ ಮೊದಲೇ ಪ್ರಕೃತಿ ಮೊದಲ ಪುಟಕ್ಕೆ ಬೆರಳಿಟ್ಟಿದ್ದಳು.

“ಪಾ…ಳು… ಬಾ…ವಿ…ಯ… ತ…ಳ…ದ…ಲ್ಲಿ…”

ಅನಂತರಾಮನ ಚಾಚಿದ ಕೈ ಅಲ್ಲೇ ನಿಂತಿತು. ಹತ್ತು ವರ್ಷದವನಿದ್ದಾಗ ಎರವಲು ತಂದ ನಲವತ್ತನೆಯ ಸಂಚಿಕೆಯ ಕೊನೆಯಲ್ಲಿ ಚಂಡವಿಕ್ರಮ ಪಾಳುಬಾವಿಗೆ ಬಿದ್ದಿದ್ದ. ಮೇಲೆ ಹೇಗೆ ಬಂದನೆಂದು ತಿಳಿಯದೆ ಹುಡುಗ ಎರಡು ದಿನ ಊಟ ಬಿಟ್ಟಿದ್ದ. ದೊಡ್ಡವನಾಗಿ ನಲವತ್ತೊಂದು ಸಿಕ್ಕಿದಾಗ ಬಿಡಿಸಿಯೂ ನೋಡದೆ ಟೇಪು ಹಚ್ಚಿಬಿಟ್ಟಿದ್ದ.

“ಸ…ರ…ಪ… ಪಪ್ಪಾ, ಯೇ ಕ್ಯಾ ಹೈ?”

“ಸರ್ಪ,” ಎಂದ ಅನಂತರಾಮ. ಎಂದವನು ಮಗಳ ಪಕ್ಕದಲ್ಲಿ ಕೂತ. “ದೊಡ್ಡ ಹಾವು. ಮುಂದೆ ಓದು.”

“ಪುಟ ಮುಗೀತು. ಪಲ್ಟಾಓ ನಾ.”

“ಸರ್,” ಎಂದ ಗಗನ್ ಸಂಕಟದಿಂದ, “ತಿರುವಿದ್ರೆ ಪೆಟ್ಟಿಗೆ ಹೋಯ್ತು. ಫಲಕಕ್ಕೆ ನಿಮ್ಮ ಹೆಸರು ಕೊಟ್ಟುಬಿಟ್ಟಿದ್ದೀನಿ.”

ಅನಂತರಾಮ ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಪುಟ ತಿರುವಿದ.

ಮುಂದಿನದನ್ನು ತಾನೇ ಓದತೊಡಗಿದ; ಮನೆಯಲ್ಲಿ ಅವನ ದನಿಯೊಂದೇ ಉಳಿಯಿತು. ಅಮ್ಮ ಬೆಳಗಿನ ಪದ್ಯ ಹಾಡುವ ಏರಿಳಿತವೇ ಅವನಿಗೂ ಬಂದಿತ್ತು. ನಾಲ್ಕನೆಯ ಪುಟಕ್ಕೆ ಬಂದಾಗ ಹೆಗಲ ಹಿಂದೆ ಯಾರೋ ಕೆಮ್ಮಿದರು.

“ಸರ್… ಹಗ್ಗ ಯಾರು ಇಳಿಬಿಟ್ಟಿದ್ದು?”

“ನಿಮ್ಮ ಹತ್ರಾನೂ ಒಂದು ಪ್ರತಿ ಇದೆಯಲ್ರೀ?”

“ಸೀಲ್ ಮಾಡಿಟ್ಟಿದ್ದೀನಿ ಸರ್.”

“ಕೂತ್ಕೊಳಪ್ಪ ಹಾಗಾದ್ರೆ,” ಎಂದರು ಲೀಲಮ್ಮ, ಚಾಪೆಯಲ್ಲಿ ಜಾಗ ಮಾಡುತ್ತ. “ಮೊದಲು ಆ ಕೈಚೀಲಗಳನ್ನ ಬಿಚ್ಚಿಡು.”