ಎರೆಯುವ ಕೈ

ಪುಷ್ಯದ ಚಳಿ ಬಿಸಿಲೇರಿದರೂ ಬಿಟ್ಟಿರಲಿಲ್ಲ. ದುಬಲಗುಂಡಿಯ ಅಂಗಳಗಳಲ್ಲೆಲ್ಲ ತೊಗರಿ ಬಡಿಯುವ ಸಪ್ಪಳ. ಲಲಿತಾಬಾಯಿ ಮೊರದಲ್ಲಿ ಕಾಳು ಕೇರುತ್ತ ಕೂತಿದ್ದಾಗ ಪಕ್ಕದ ಮನೆಯ ಖುರ್ಷೀದ್ ಬೇಗಂ ಬಂದು ಎದುರು ನಿಂತಳು.

“ಏಳ್ರಿ ಲಲಿತಾಬಾಯಿ. ನಮ್ಮ ಆಮಿನಾ ಹಡದು ಮನಿಗಿ ಬಂದಾಳ. ಕೂಸಿಗಿ ನೀರು ಕಾಯಾಕತ್ತಾವ.”

“ಬ್ಯಾರೆ ಯಾರನ್ನಾರ ಕರೀರಿ. ನನ್ನ ಸೊಂಟ ಹಿಡದದ.”

“ಆಮಿನಾಗ ಎರದವರು ನೀವು. ಅಕಿ ಮಗಳ ಪಾಳಿ ಬಂದ ಕೂಡ್ಲೆ ಸೊಂಟ ಹಿಡೀತೇನು? ನಖರಾ ಬಿಡ್ರಿ, ಸುಮ್ಮ ಬರ್ರಿ.”

ಒಳಗಿನಿಂದ ಮೊಮ್ಮಗನ ಕೆಮ್ಮು ಕೇಳಿತು. ಅದರ ಹಿಂದೆಯೇ ಸೊಸೆ ಭುವನೇಶ್ವರಿ ರಮಿಸುವ ದನಿ. ಖುರ್ಷೀದ್ ಬೇಗಂ ಸ್ವರ ತಗ್ಗಿಸಿದಳು. “ಈಗಿನ ಹುಡುಗ್ಯಾರಿಗಿ ಏನ್ ತಿಳೀತದ್ರಿ. ಎಣ್ಣಿ ಹಾಕಾಕ ಬರದಿದ್ರ ನಿಮ್ಮನ್ನ ಕೇಳಬಾರದಾಗಿತ್ತಾ ಅಕಿ?”

ಲಲಿತಾಬಾಯಿ ಮೊರ ಬದಿಗಿಟ್ಟು ಎದ್ದುಬಿಟ್ಟಳು. ಇನ್ನು ಕೂತರೆ ಈ ಮಾತು ಒಳಗಿನ ಕಿವಿಗೂ ಬೀಳುತ್ತಿತ್ತು.

ಓಣಿಯ ಕೂಸುಗಳೆಲ್ಲ ಅವಳ ಕಾಲ ಮೇಲೆ ಮಲಗಿಯೇ ಮೊದಲ ನೀರು ಕಂಡಿದ್ದವು. ಎರೆದ ಮೇಲೆ ಮೂಗಿನ ಹೊಳ್ಳೆಗಳಿಗೆ ಉಗುರುಬೆಚ್ಚಗಿನ ಕುಸುಬೆ ಎಣ್ಣೆ ಬಿಟ್ಟು ಉಫ್ ಎಂದು ಊದುವುದು ಅವಳ ಪದ್ಧತಿ. ಹೋದ ತಿಂಗಳು ಮೊಮ್ಮಗನಿಗೂ ಹಾಗೆಯೇ ಮಾಡಿದ್ದಳು. ಕೂಸು ಕೊಸರಾಡಿ ಕೆಮ್ಮಿದಾಗ, ಕಫ ಕೀಳುತ್ತಿದೆ ಎಂದು ಇನ್ನಷ್ಟು ಬಿಟ್ಟಿದ್ದಳು. ಅದು ಪಕ್ಕೆ ಒಳಗೆಳೆದುಕೊಂಡು ಉಸಿರಾಡತೊಡಗಿದ ಮೇಲೆ ಅತ್ತೆ ಸೊಸೆ ಬಸ್ಸು ಹಿಡಿದು ಹುಮನಾಬಾದಿನ ದವಾಖಾನೆಗೆ ಓಡಿದ್ದರು.

ಡಾಕ್ಟರಬಾಯಿ ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ನಿಮೋನಿಯಾ,” ಎಂದಳು.

“ಥಂಡಿ ಹತ್ತಿರಬೇಕ್ರಿ,” ಎಂದಳು ಲಲಿತಾಬಾಯಿ.

“ಥಂಡಿದಲ್ಲ ಇದು. ರೋಗದ ಕ್ರಿಮಿಲಿಂದ ಬರೋದು ಒಂದು ನಮೂನಿ. ಒಲಿ ಹೊಗಿ ಕುಡದ ಕೂಸಿಗಿ, ತಾಯಿ ಹಾಲು ಸಾಲದ ಕೂಸಿಗಿ ಅದು ಲಗೂ ಹಿಡೀತದ. ಇದು ಬ್ಯಾರೆ. ಎಣ್ಣಿ ಎದಿಯೊಳಗ ಇಳದು ಕುಂತದ. ಮೂಗಿನಾಗ ಯಾರು ಹಾಕಿದ್ರು?”

ಲಲಿತಾಬಾಯಿ ಹಿಂದೆ ತಿರುಗಿ ನೋಡಿದಳು. ಬಾಗಿಲಲ್ಲಿ ಸರದಿ ಕಾಯುತ್ತ ನಿಂತವರಲ್ಲಿ ಊರಿನವರೂ ಇದ್ದರು.

“ನಾ ಹಾಕೀನ್ರಿ,” ಎಂದಳು ಭುವನೇಶ್ವರಿ.

“ನೀ ತಾಯಿನೋ, ವೈರಿನೋ?”

ಡಾಕ್ಟರಬಾಯಿ ಬೈಯುತ್ತಲೇ ಇದ್ದಳು. ಸೊಸೆ ತಲೆ ತಗ್ಗಿಸಿ ಕೇಳುತ್ತಿದ್ದಳು. ಲಲಿತಾಬಾಯಿ ಸೆರಗಿನ ತುದಿ ಹಿಡಿದುಕೊಂಡು ಗೋಡೆ ನೋಡುತ್ತ ನಿಂತಳು. ಕೂಸು ಸ್ವಲ್ಪ ಸುಧಾರಿಸಿ ಅವರು ಮರಳುವಷ್ಟರಲ್ಲಿ ಆ ಸುದ್ದಿ ಬಸ್ಸು ಹತ್ತಿ ಊರು ಸೇರಿತ್ತು. ಮನೆಗೆ ಬಂದ ಮೇಲೂ ಭುವನೇಶ್ವರಿ ಆ ಮಾತು ಎತ್ತಲಿಲ್ಲ. ಕೂಸಿಗೆ ತಾನೇ ಎರೆಯತೊಡಗಿದಳು, ಅಷ್ಟೇ.

ಈಗ ಖುರ್ಷೀದ್ ಬೇಗಂ ಮನೆಯ ಬಚ್ಚಲಲ್ಲಿ ಲಲಿತಾಬಾಯಿ ಸೀರೆ ಮೊಣಕಾಲಿಗೆ ಏರಿಸಿ ಕಾಲು ಚಾಚಿ ಕೂತಳು. ಆಮಿನಾ ಮಗಳನ್ನು ತಂದು ಅವಳ ಕಾಲ ಮೇಲೆ ಮಲಗಿಸಿದಳು. ಖುರ್ಷೀದ್ ಬೇಗಂ ಚೊಂಬಿನಿಂದ ನೀರು ಬಿಡುತ್ತಿದ್ದಂತೆ ಕೈ ತಾನಾಗಿಯೇ ಹಳೆಯ ದಾರಿ ಹಿಡಿಯಿತು. ನೆತ್ತಿ, ಬೆನ್ನು, ತೊಡೆಸಂದು. ಕಡಲೆಹಿಟ್ಟು ಹಚ್ಚಿ ತಿಕ್ಕುವಾಗ ಕೂಸು ಸುಖಕ್ಕೆ ಕಣ್ಣು ಅರೆ ಮುಚ್ಚಿತು.

ಆಮಿನಾ ಎಣ್ಣೆ ಬಟ್ಟಲನ್ನು ಮುಂದೆ ಸರಿಸಿದಳು. “ಆಮ್ಯಾಲೆ ಮೂಗಿಗಿ, ಮೌಸಿ.”

“ಬ್ಯಾಡವ್ವ. ಎದಿಗಿ ಇಳೀತದ.”

“ಸೊಸಿ ಹಾಕಿ ಕೆಡಿಸಿದ್ದಕ್ಕ ನೀವೂ ಹೆದರೀರೇನು?” ಎಂದು ಖುರ್ಷೀದ್ ಬೇಗಂ ನಕ್ಕಳು. “ಅಕಿ ಕೈನೇ ಬ್ಯಾರೆ, ನಿಮ್ಮ ಕೈನೇ ಬ್ಯಾರೆ. ಹಾಕ್ರಿ.”

ಕೂಸಿನ ಹೊಳ್ಳೆಗಳು ಜೋಳದ ಕಾಳಿಗಿಂತ ಸಣ್ಣವಿದ್ದವು.

“ಅವತ್ತು ಹಾಕಿದ್ದೂ ಇದೇ ಕೈರಿ,” ಎಂದಳು ಲಲಿತಾಬಾಯಿ. “ಭುವನಾ ಹಾಕಿಲ್ಲ. ಅಕಿ ಬೈಸಿಕೊಂಡಾಳ. ನಾ ಸುಮ್ಮ ನಿಂತಿದ್ದೆ.”

ನೀರು ಬಿಡುತ್ತಿದ್ದ ಚೊಂಬು ಅಲ್ಲೇ ನಿಂತಿತು. ಆಮಿನಾ ತಾಯಿಯ ಮುಖ ನೋಡಿದಳು. ಆಮೇಲೆ ಬಗ್ಗಿ, ಬೆನ್ನಿಗೆ ಇನ್ನೂ ಹಿಟ್ಟು ಮೆತ್ತಿಕೊಂಡಿದ್ದ ಕೂಸನ್ನು ಹಾಗೆಯೇ ದುಪಟ್ಟಾದಲ್ಲಿ ಸುತ್ತಿ ಎತ್ತಿಕೊಂಡಳು.

“ಥಂಡಿ ಭಾಳ ಅದ, ಮೌಸಿ,” ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

ಹಂಡೆಯ ನೀರು ಇನ್ನೂ ಕಾಯುತ್ತಿತ್ತು. ಲಲಿತಾಬಾಯಿಯ ಕಾಲುಗಳು ಚಾಚಿದಂತೆಯೇ ಇದ್ದವು. ಅವುಗಳ ಮೇಲಿನಿಂದ ತೆಳ್ಳಗೆ ಹಬೆ ಏಳುತ್ತಿತ್ತು.